ಮೀನಿನ ವಾಸನೆ ಬಂದರೆ ಬೇಗ ತಾಯಿಯಾಗುವ ಡಾಫ್ನಿಯಾ: ಬೆಂಗಳೂರಿನ ಬಾಲ್ಕನಿಯಲ್ಲೇ ಮಾಡಿ ನೋಡುವ ಸಮಗ್ರ ಮಾರ್ಗದರ್ಶಿ

ಒಂದು ಲೋಟ ನೀರು. ಅದರಲ್ಲಿ ಮೀನಿಲ್ಲ. ಆದರೆ ಮೀನು ರಾತ್ರಿಯಿಡೀ ಈಜಾಡಿದ ನೀರನ್ನು ಸೋಸಿ ಅದಕ್ಕೆ ಬೆರೆಸಿದ್ದೀರಿ. ಅಷ್ಟು ಸಾಕು, ಅದರೊಳಗೆ ಬೆಳೆಯುವ ಡಾಫ್ನಿಯಾ ತನ್ನ ಬದುಕಿನ ವೇಳಾಪಟ್ಟಿಯನ್ನೇ ಬದಲಿಸಿಕೊಳ್ಳುತ್ತದೆ. ಬೇಗ ಪ್ರಾಯಕ್ಕೆ ಬರುತ್ತದೆ. ಇನ್ನೂ ಚಿಕ್ಕದಿರುವಾಗಲೇ ಮೊಟ್ಟೆ ಹೊರುತ್ತದೆ. ಮರಿಗಳ ಸಂಖ್ಯೆ ಜಾಸ್ತಿ, ಒಂದೊಂದು ಮರಿಯ ಗಾತ್ರ ಕಡಿಮೆ.

ಡಾಫ್ನಿಯಾ ಅಂದರೆ ಸಿಹಿನೀರಿನ ಪುಟ್ಟ ಕವಚಜೀವಿ, ಸಿಗಡಿ ಏಡಿಗಳ ದೂರದ ನೆಂಟ. ನೀರಿನಲ್ಲಿ ಕುಪ್ಪಳಿಸುತ್ತಾ ಈಜುವುದರಿಂದ ನೀರುಚಿಗಟ ಎಂದೂ ಕರೆಯುತ್ತಾರೆ. ಬೇಟೆಗಾರರಿಗೆ ತಕ್ಕಂತೆ ಇದು ಬದಲಾಗುವುದನ್ನು ತೋರಿಸುವಾಗ ಎಲ್ಲರೂ ಮೊದಲು ತೋರಿಸುವುದು ಮುಳ್ಳು, ಕೊಂಬು, ತಲೆಯ ಮೇಲಿನ ಜುಟ್ಟು. ಅವು ಚಂದ, ಫೋಟೋದಲ್ಲೂ ಚೆನ್ನಾಗಿ ಬರುತ್ತವೆ. ಆದರೆ ನನ್ನ ಪ್ರಕಾರ ನಿಜವಾದ ಆಟ ಇರುವುದು ತಾರೀಖುಗಳಲ್ಲಿ. ಮೊದಲ ಮೊಟ್ಟೆ ಯಾವತ್ತು ಬಂತು, ಆಗ ತಾಯಿ ಎಷ್ಟುದ್ದ ಇತ್ತು, ಎಷ್ಟು ಮರಿ, ಮರಿ ಎಷ್ಟು ದೊಡ್ಡದು. ಈ ನಾಲ್ಕು ಸಂಗತಿಗಳನ್ನು ಬರೆದಿಡೋಕೆ ದುಬಾರಿ ಸೂಕ್ಷ್ಮದರ್ಶಕವೂ ಬೇಡ. ಕೆಲವು ಗಾಜಿನ ಲೋಟ, ಒಂದು ಫೋನು, ಸುಮಾರು ಎರಡು ತಿಂಗಳ ತಾಳ್ಮೆ ಇದ್ದರೆ ಆಯಿತು.

ಹೈಸ್ಕೂಲ್ ಮೇಷ್ಟ್ರು, ಕಾಲೇಜು ಹುಡುಗರು, ಸುಮ್ನೆ ಕುತೂಹಲ ಇರುವ ಅಪಾರ್ಟ್‌ಮೆಂಟ್ ನಿವಾಸಿಗಳು, ಯಾರು ಬೇಕಾದರೂ ಮಾಡಬಹುದು. ಬೆಂಗಳೂರಿನ ಹವೆಯೂ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಜೂನ್‌ನಿಂದ ಫೆಬ್ರವರಿವರೆಗೆ ಮನೆಯೊಳಗಿನ ತಾಪಮಾನ ಡಾಫ್ನಿಯಾಗೆ ಹಿತ. ಏಪ್ರಿಲ್ ಬಿಸಿಲಲ್ಲಿ ಮಾತ್ರ ಶುರು ಮಾಡಬೇಡಿ.

ಮೊದಲು ಲೆಕ್ಕ ಅರ್ಥವಾಗಲಿ

ಬೇಗ ಮರಿ ಹಾಕುವುದೋ, ಕಾದು ದೊಡ್ಡದಾಗಿ ಹಾಕುವುದೋ? ಚಿಕ್ಕ ಜೀವಿಯ ಮುಂದಿರುವ ಪ್ರಶ್ನೆ ಇದು. ತಿಂದ ಆಹಾರವನ್ನು ಮೈ ಬೆಳೆಸೋಕೆ ಹಾಕಿದರೆ ಮೊಟ್ಟೆಗೆ ಉಳಿಯುವುದು ಕಡಿಮೆ. ಮೊಟ್ಟೆಗೆ ಹಾಕಿದರೆ ಮೈ ಚಿಕ್ಕದಾಗಿಯೇ ಉಳಿಯುತ್ತದೆ, ಚಿಕ್ಕ ಮೈಯಲ್ಲಿ ಹಿಡಿಯುವ ಮೊಟ್ಟೆಯೂ ಕಡಿಮೆ.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. 100 ಮರಿಗಳಿವೆ ಎನ್ನಿ. ಆರನೇ ದಿನಕ್ಕೆ ಪ್ರಾಯಕ್ಕೆ ಬಂದರೆ ತಾಯಿಗೆ 8 ಮೊಟ್ಟೆ. ಎಂಟನೇ ದಿನದವರೆಗೆ ಕಾದರೆ ಮೈ ದೊಡ್ಡದು, 12 ಮೊಟ್ಟೆ. ಬೇಟೆಗಾರರು ಅಷ್ಟಾಗಿ ಇಲ್ಲದ ಕೊಳದಲ್ಲಿ ದಿನಕ್ಕೆ ನೂರಕ್ಕೆ 95 ಬದುಕುತ್ತವೆ. ಆರು ದಿನಕ್ಕೆ ಸುಮಾರು 74 ಉಳಿಯುತ್ತವೆ, ಎಂಟು ದಿನಕ್ಕೆ 66. ಬೇಗ ಹಾಕಿದರೆ ಒಟ್ಟು 592 ಮೊಟ್ಟೆ, ಕಾದರೆ 792. ಕಾಯುವುದೇ ಲಾಭ.

ಈಗ ಆ ಕೊಳಕ್ಕೆ ಮೀನು ಬಿಡಿ. ದಿನಕ್ಕೆ ನೂರಕ್ಕೆ 80 ಮಾತ್ರ ಬದುಕುತ್ತವೆ ಎನ್ನಿ. ಆರು ದಿನಕ್ಕೆ 26, ಎಂಟು ದಿನಕ್ಕೆ 17. ಬೇಗ ಹಾಕಿದರೆ 208, ಕಾದರೆ 204. ಹೆಚ್ಚುಕಡಿಮೆ ಸಮ. ಆದರೆ ಮೀನು ಕಣ್ಣಲ್ಲಿ ನೋಡಿ ಹಿಡಿಯುವ ಪ್ರಾಣಿ, ದೊಡ್ಡದು ಮೊದಲು ಕಣ್ಣಿಗೆ ಬೀಳುತ್ತದೆ. ಹಾಗಾಗಿ ಕಾದು ದೊಡ್ಡದಾದ ಆ ಎರಡು ದಿನಗಳಲ್ಲಿ ಉಳಿಯುವುದು 80 ಅಲ್ಲ, 75 ಎಂದುಕೊಳ್ಳಿ. ಆಗ 17ರ ಬದಲು 15 ತಾಯಂದಿರು, ಒಟ್ಟು 180 ಮೊಟ್ಟೆ. ಈಗ ಬೇಗ ಹಾಕುವುದೇ ಜಾಣತನ.

ಈ ಲೆಕ್ಕವನ್ನು ಡಾಫ್ನಿಯಾ ಕೂತು ಹಾಕುವುದಿಲ್ಲ, ನಿಜ. ಮೀನಿನ ವಾಸನೆಗೆ ಸರಿಯಾಗಿ ಸ್ಪಂದಿಸಿದ ವಂಶಗಳು ಉಳಿದವು, ಸ್ಪಂದಿಸದವು ಮೀನಿನ ಹೊಟ್ಟೆ ಸೇರಿದವು.

ಎಲ್ಲ ಬೇಟೆಗಾರರೂ ದೊಡ್ಡದನ್ನೇ ಹುಡುಕುವುದಿಲ್ಲ. ಕಾವೊಬೊರಸ್ ಎಂಬ ನೊಣದ ಜಾತಿಯ ಕೀಟವಿದೆ. ಅದರ ಮರಿಹುಳು ಗಾಜಿನಷ್ಟು ಪಾರದರ್ಶಕ, ನೀರಿನ ನಡುವೆ ಅಡ್ಡಡ್ಡ ನಿಂತಿರುತ್ತದೆ. ಬಾಯಿ ಚಿಕ್ಕದು, ಹಾಗಾಗಿ ಅದಕ್ಕೆ ಸಿಗುವುದು ಡಾಫ್ನಿಯಾದ ಸಣ್ಣ ಮರಿಗಳು. ಇದರ ವಾಸನೆ ಬಂದರೆ ಉತ್ತರ ಉಲ್ಟಾ. ಮೊಟ್ಟೆ ಮುಂದೂಡಿ, ಬೇಗ ಬೇಗ ಮೈ ಬೆಳೆಸಿ, ಆ ಬಾಯಿಗೆ ಹಿಡಿಸದಷ್ಟು ದೊಡ್ಡದಾಗುವುದು. ಕೆಲವು ಜಾತಿಗಳಲ್ಲಿ ಮರಿಗಳ ಕತ್ತಿನ ಹಿಂದೆ ಪುಟ್ಟ ಹಲ್ಲಿನಂಥ ಮುಳ್ಳುಗಳೂ ಮೂಡುತ್ತವೆ. ಒಂದೇ ಪ್ರಾಣಿ, ಒಂದೇ ವಂಶ, ಎರಡು ವಾಸನೆಗೆ ಎರಡು ವಿರುದ್ಧ ಉತ್ತರ. ನೀವು ಮಾಡಹೊರಟಿರುವ ಪ್ರಯೋಗದ ಜೀವಾಳ ಇದೇ.

ವಾಸನೆ ಅಂದರೆ ಏನು? ಈ ರಾಸಾಯನಿಕ ಸುಳಿವಿಗೆ ಕೈರೋಮೋನ್ ಎನ್ನುತ್ತಾರೆ. ಬಿಟ್ಟವನಿಗೆ ನಷ್ಟ, ಹಿಡಿದವನಿಗೆ ಲಾಭ. ದಶಕಗಳ ಕಾಲ ಇದು ಯಾವ ವಸ್ತು ಎಂದು ಗೊತ್ತೇ ಇರಲಿಲ್ಲ. 2018ರಲ್ಲಿ ಕಾವೊಬೊರಸ್‌ನ ಸುಳಿವು ಸಿಕ್ಕಿತು. ಕೊಬ್ಬಿನಾಮ್ಲಕ್ಕೆ ಗ್ಲುಟಮಿನ್ ಎಂಬ ಅಮೈನೋ ಆಮ್ಲ ಅಂಟಿಕೊಂಡ ವಸ್ತುಗಳು ಅವು. ಹುಳು ತಿಂದು ಜೀರ್ಣಿಸಿಕೊಂಡು ಉಳಿದದ್ದನ್ನು ಉಗುಳಿದಾಗ ನೀರಿಗೆ ಸೇರುತ್ತವೆ. 2019ರಲ್ಲಿ ಮೀನಿನದೂ ಸಿಕ್ಕಿತು. ಡಾಫ್ನಿಯಾ ಹಗಲಲ್ಲಿ ಆಳಕ್ಕಿಳಿದು ರಾತ್ರಿ ಮೇಲೆ ಬರುವಂತೆ ಮಾಡುವುದು 5-ಆಲ್ಫಾ-ಸಿಪ್ರಿನಾಲ್ ಸಲ್ಫೇಟ್, ಗೆಂಡೆ ಕುಟುಂಬದ ಮೀನುಗಳ ಪಿತ್ತರಸದ ಲವಣ. ಕೊಬ್ಬು ಅರಗಿಸಬೇಕಾದರೆ ಪಿತ್ತ ಬೇಕೇ ಬೇಕು. ಸುಳಿವು ಬಿಡದೆ ಬದುಕುವ ದಾರಿ ಮೀನಿಗಿಲ್ಲ.

ಹೆಜ್ಜೆ 1: ಡಾಫ್ನಿಯಾ ಹೊಂದಿಸಿಕೊಳ್ಳುವುದು

ಎರಡು ದಾರಿಗಳಿವೆ. ಸುಲಭದ್ದು ಅಕ್ವೇರಿಯಂ ಹವ್ಯಾಸಿಗಳಿಂದ ಪಡೆಯುವುದು. ಮೀನುಮರಿಗಳಿಗೆ ಜೀವಂತ ಆಹಾರ ಎಂದು ಸಾಕುವವರು ನಗರದಲ್ಲಿ ಸಾಕಷ್ಟಿದ್ದಾರೆ. ಒಂದು ಎಚ್ಚರಿಕೆ. ಡಾಫ್ನಿಯಾ ಎಂದು ಕೊಡುವುದು ಎಷ್ಟೋ ಸಲ ಮೊಯ್ನಾ ಆಗಿರುತ್ತದೆ. ಮೊಯ್ನಾ ಗುಂಡಗೆ, ಚಿಕ್ಕದಾಗಿ, ಬಾಲದ ಮುಳ್ಳಿಲ್ಲದೆ ಇರುತ್ತದೆ. ಡಾಫ್ನಿಯಾಗೆ ಹಿಂದೆ ಚೂಪಾದ ಬಾಲಮುಳ್ಳು, ಮುಂದೆ ಕೊಕ್ಕಿನಂಥ ಮೂತಿ ಇರುತ್ತವೆ. ಮೊಯ್ನಾ ಬೇಗ ಬೆಳೆಯುತ್ತದೆ, ಆದರೆ ಫೋನಿನಲ್ಲಿ ಅಳೆಯೋಕೆ ತೀರಾ ಚಿಕ್ಕದು. ಮೊದಲ ಸಲ ಡಾಫ್ನಿಯಾನೇ ಇರಲಿ.

ಎರಡನೇ ದಾರಿ ಇನ್ನೂ ಮಜಾ. ಬೇಸಿಗೆಯಲ್ಲಿ ಬತ್ತುವ ಗೋಕಟ್ಟೆ, ಕುಂಟೆಗಳ ಒಣ ಮಣ್ಣಲ್ಲಿ ಇವುಗಳ ಮೊಟ್ಟೆ ಮಲಗಿರುತ್ತದೆ. ನೆಲಮಂಗಲ, ದೇವನಹಳ್ಳಿ, ಆನೇಕಲ್ ಕಡೆ ಇಂಥ ಗುಂಡಿಗಳು ಇನ್ನೂ ಉಳಿದಿವೆ. ಕಷ್ಟಕಾಲ ಬಂದಾಗ ಹೆಣ್ಣು ಡಾಫ್ನಿಯಾ ಗಂಡಿನ ಜೊತೆ ಕೂಡಿ, ಸಾಮಾನ್ಯವಾಗಿ ಎರಡು ಮೊಟ್ಟೆಗಳನ್ನು ಒಂದು ಗಟ್ಟಿ ಕಪ್ಪು ಪೊರೆಯಲ್ಲಿ ಕಟ್ಟಿಡುತ್ತದೆ. ಒಣಗಿದರೂ ಅವು ಸಾಯುವುದಿಲ್ಲ, ವರ್ಷಗಟ್ಟಲೆ ಕಾಯುತ್ತವೆ. ನಾರ್ವೆಯ ಜಾರ್ಜ್ ಒಸಿಯನ್ ಸಾರ್ಸ್ 1880ರ ದಶಕದಲ್ಲಿ ಆಸ್ಟ್ರೇಲಿಯಾದಿಂದ ಬಂದ ಒಣ ಮಣ್ಣಿಗೆ ನೀರು ಹಾಕಿ, ತನ್ನ ಊರಲ್ಲೇ ಕೂತು ಹೊಸ ಜಾತಿಯೊಂದನ್ನು ಬೆಳೆಸಿದ. ಮಣ್ಣು ತಂದ ಕಾರ್ಲ್ ಲುಮ್‌ಹೋಲ್ಟ್ಸ್ ಹೆಸರನ್ನೇ ಅದಕ್ಕಿಟ್ಟ. ಆ ಡಾಫ್ನಿಯಾ ಲುಮ್‌ಹೋಲ್ಟ್ಸಿ ನಮ್ಮ ದೇಶದಲ್ಲೂ ಇದೆ. ತಲೆಯ ಮೇಲೆ ಉದ್ದ ಶಿರಸ್ತ್ರಾಣ, ಹಿಂದೆ ಉದ್ದ ಮುಳ್ಳು. ಮೀನಿನ ಸುಳಿವು ಸಿಕ್ಕರೆ ಎರಡೂ ಇನ್ನಷ್ಟು ಉದ್ದವಾಗುತ್ತವೆ.

ಜಾಗದ ಮಾಲೀಕರನ್ನು ಕೇಳಿ, ಮೇಲ್ಪದರದ ಒಣ ಮಣ್ಣು ಒಂದು ಹಿಡಿ ತನ್ನಿ. ಎರಡು ಚಮಚ ಮಣ್ಣನ್ನು ಅಗಲ ಬೇಸಿನ್‌ನಲ್ಲಿ ಒಂದು ಲೀಟರ್ ನೀರಿಗೆ ಹಾಕಿ, ಬೆಳಕು ಬೀಳುವ ಕಿಟಕಿ ಬಳಿ ಇಡಿ. ನೇರ ಬಿಸಿಲು ಬೇಡ. ಕೆಲವು ದಿನಗಳಲ್ಲಿ ಏನೇನೋ ಓಡಾಡೋಕೆ ಶುರುವಾಗುತ್ತದೆ. ಅದೃಷ್ಟ ಇದ್ದರೆ ಫೇರಿ ಶ್ರಿಂಪ್ ಎಂಬ ಸಿಗಡಿಯಂಥ ಪುಟ್ಟ ಜೀವಿ ಕೂಡ ಬರುತ್ತದೆ, ಅದನ್ನು ನೋಡ್ತಾ ಕೂತರೆ ಡಾಫ್ನಿಯಾ ಮರೆತೇ ಹೋಗುತ್ತದೆ. ನಗರದೊಳಗಿನ ಕೆರೆ ನೀರಿಗೆ ಬರಿಗೈ ಹಾಕಬೇಡಿ. ಒಳಚರಂಡಿ ಸೇರುವ ಕೆರೆಗಳೇ ಜಾಸ್ತಿ. ಕೈಗವಸು ಹಾಕಿ, ಆಮೇಲೆ ಸೋಪು.

ಹೆಜ್ಜೆ 2: ನೀರು

ಇಲ್ಲಿಯೇ ಹೆಚ್ಚಿನವರ ಡಾಫ್ನಿಯಾ ಸಾಯುವುದು. ಕಾವೇರಿ ನಲ್ಲಿನೀರಲ್ಲಿ ಕ್ಲೋರಿನ್ ಇರುತ್ತದೆ. ಬಾಯಿ ಅಗಲದ ಬಕೆಟ್‌ನಲ್ಲಿ ಎರಡು ದಿನ ತೆರೆದಿಡಿ, ಇಲ್ಲವೇ ಅಕ್ವೇರಿಯಂ ಅಂಗಡಿಯ ಆಂಟಿ-ಕ್ಲೋರಿನ್ ಹರಳು ಒಂದೆರಡು ಹಾಕಿ. ಆರ್‌ಒ ನೀರು ಒಂದನ್ನೇ ಬಳಸಬೇಡಿ. ಡಾಫ್ನಿಯಾ ಪ್ರತಿ ಸಲ ಪೊರೆ ಬಿಟ್ಟಾಗ ಹೊಸ ಕವಚಕ್ಕೆ ಕ್ಯಾಲ್ಸಿಯಂ ಬೇಕು, ಆರ್‌ಒ ಅದನ್ನೇ ತೆಗೆದುಬಿಡುತ್ತದೆ. ಬರೀ ಮಳೆನೀರಿನ ಕತೆಯೂ ಅದೇ. ಬೋರ್‌ವೆಲ್ ನೀರು ತೀರಾ ಗಡಸಾಗಿದ್ದರೆ ಅರ್ಧಕ್ಕರ್ಧ ಆರ್‌ಒ ಬೆರೆಸಿ. ತಾಮ್ರದ ಪಾತ್ರೆ, ತಾಮ್ರದ ಕೊಳವೆಯ ಗೀಸರ್ ನೀರು ಬೇಡವೇ ಬೇಡ. ನಮಗೆ ಒಳ್ಳೆಯದು ಎನ್ನುವ ತಾಮ್ರ ಇವಕ್ಕೆ ವಿಷ.

ಇಡೀ ಪ್ರಯೋಗಕ್ಕೆ ಒಂದೇ ಮೂಲದ ನೀರು ಇರಲಿ. ಅರ್ಧದಲ್ಲಿ ಟ್ಯಾಂಕರ್ ಬಂತು ಎಂದು ಬದಲಿಸಿದರೆ ಲೆಕ್ಕ ಕೆಟ್ಟಿತು. ಶುರುವಿನಲ್ಲೇ ದೊಡ್ಡ ಡ್ರಮ್ ಒಂದನ್ನು ತುಂಬಿ, ಸೊಳ್ಳೆಪರದೆ ಬಟ್ಟೆ ಬಿಗಿಯಾಗಿ ಕಟ್ಟಿಡಿ. ಡೆಂಗಿ ಸೊಳ್ಳೆಗೆ ಇಂಥ ನಿಂತ ನೀರೇ ಇಷ್ಟ. ಲೋಟಗಳಿಗೂ ಪರದೆ ಬೇಕು.

ಹೆಜ್ಜೆ 3: ಊಟ

ಹಸಿರು ನೀರೇ ಅತ್ಯುತ್ತಮ. ಹಳೆ ಅಕ್ವೇರಿಯಂ ನೀರನ್ನು ಬಾಟಲಿಯಲ್ಲಿ ಬಿಸಿಲಿಗಿಟ್ಟು, ಗಿಡದ ಗೊಬ್ಬರ ಒಂದು ಚಿಟಿಕೆ ಹಾಕಿದರೆ ಒಂದೆರಡು ವಾರದಲ್ಲಿ ಪಾಚಿ ಬೆಳೆದು ಹಸಿರಾಗುತ್ತದೆ. ಅಷ್ಟು ಕಾಯೋಕೆ ಆಗದಿದ್ದರೆ ಬೇಕರಿ ಯೀಸ್ಟ್ ಅಥವಾ ಸ್ಪಿರುಲಿನಾ ಪುಡಿ ಕದಡಿ, ಹನಿ ಲೆಕ್ಕದಲ್ಲಿ ಹಾಕಿ. ನೀರು ಮಸುಕಾಗಬಾರದು. ಲೋಟದ ಹಿಂದೆ ಪೇಪರ್ ಹಿಡಿದರೆ ಅಕ್ಷರ ಓದೋಕೆ ಬರಬೇಕು.

ಎಲ್ಲ ಲೋಟಕ್ಕೂ ಒಂದೇ ಬಾಟಲಿಯಿಂದ, ಚೆನ್ನಾಗಿ ಅಲುಗಾಡಿಸಿ, ಅಷ್ಟೇ ಹನಿ. ಇದರಲ್ಲಿ ಸಡಿಲ ಬಿಟ್ಟರೆ ಪ್ರಯೋಗವೇ ಬೇಡ. ಹಸಿವಾದರೂ ಡಾಫ್ನಿಯಾ ಚಿಕ್ಕದಾಗಿ ಉಳಿಯುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ. ನೀವು ಅಳೆದದ್ದು ಮೀನಿನ ಭಯವನ್ನೋ ಹೊಟ್ಟೆಯ ಹಸಿವನ್ನೋ ಎಂದು ಆಮೇಲೆ ಬಿಡಿಸೋಕೆ ಆಗುವುದಿಲ್ಲ.

ಹೆಜ್ಜೆ 4: ಒಬ್ಬಳೇ ತಾಯಿಯಿಂದ ಶುರು

ಒಳ್ಳೆಯ ದಿನಗಳಲ್ಲಿ ಡಾಫ್ನಿಯಾಗೆ ಗಂಡು ಬೇಡ. ಹೆಣ್ಣು ತನ್ನದೇ ತದ್ರೂಪಿ ಹೆಣ್ಣುಮರಿಗಳನ್ನು ಹೆರುತ್ತಾ ಹೋಗುತ್ತದೆ. ನಮಗೆ ಇದು ದೊಡ್ಡ ಅನುಕೂಲ. ಒಬ್ಬಳೇ ತಾಯಿಯ ಮಕ್ಕಳನ್ನು ಬರೀ ನೀರು, ಮೀನಿನ ನೀರು, ಬೇಟೆಗಾರ ಕೀಟದ ನೀರು ಎಂದು ಮೂರು ಬಗೆಯ ನೀರಿಗೆ ಹಂಚಿದರೆ, ಆಮೇಲೆ ಕಾಣುವ ವ್ಯತ್ಯಾಸಕ್ಕೆ ವಂಶ ಕಾರಣವಲ್ಲ, ನೀರೇ ಕಾರಣ. ಮಣ್ಣಿನಿಂದ ಹುಟ್ಟಿದ ಮರಿಗಳು ಮಾತ್ರ ಹಾಗಲ್ಲ. ಅವು ಗಂಡು ಹೆಣ್ಣು ಕೂಡಿ ಹುಟ್ಟಿದವು, ಒಂದೊಂದೂ ಬೇರೆ ವಂಶ. ಹಾಗಾಗಿ ಬೇಸಿನ್‌ನಿಂದ ಒಂದೇ ಒಂದು ಹೆಣ್ಣನ್ನು ಎತ್ತಿ ಬೇರೆ ಜಾಡಿಗೆ ಹಾಕಿ, ಅದರ ಸಂತಾನ ಮಾತ್ರ ಬೆಳೆಸಿ.

ಆತುರ ಬೇಡ, ಎರಡು ತಲೆಮಾರು ಬರೀ ನೀರಲ್ಲಿ ಕಳೆಯಲಿ. ಯಾಕೆಂದರೆ ತಾಯಿಗೆ ತಟ್ಟಿದ ವಾಸನೆ ಮಕ್ಕಳ ಮೇಲೂ ಕೆಲಸ ಮಾಡುತ್ತದೆ. ಅನುರಾಗ್ ಅಗ್ರವಾಲ್, ಕ್ರಿಶ್ಚಿಯನ್ ಲಾಫೋರ್ಷ್, ರಾಲ್ಫ್ ಟೊಲ್ರಿಯಾನ್ 1999ರಲ್ಲಿ ಇದನ್ನು ತೋರಿಸಿದರು. ಬೇಟೆಗಾರನ ಸುಳಿವಿನಲ್ಲಿದ್ದ ತಾಯಿಯ ಮರಿಗಳು ಹುಟ್ಟುವಾಗಲೇ ದೊಡ್ಡ ಶಿರಸ್ತ್ರಾಣ ತೊಟ್ಟು ಬಂದವು. ಮೀನಿನ ತೊಟ್ಟಿಯಿಂದ ತಂದ ತಾಯಿಯ ಮಕ್ಕಳನ್ನು ನೇರ ಪ್ರಯೋಗಕ್ಕಿಟ್ಟರೆ, ಬರೀ ನೀರಿನ ಲೋಟದಲ್ಲೂ ಹೆದರಿದ ಮಕ್ಕಳೇ ಇರುತ್ತವೆ.

ಮೂರನೇ ತಲೆಮಾರಿನ ತಾಯಂದಿರ ಮೊದಲ ಮರಿಗಳನ್ನು ಕೈಬಿಡಿ. ಮೊದಲ ಸೂಲಿನ ಮರಿಗಳ ಗಾತ್ರ ಏರುಪೇರಾಗಿರುತ್ತದೆ. ಮೂರನೇ ಸೂಲಿನವನ್ನು, ಒಂದೇ ದಿನ ಹುಟ್ಟಿದವನ್ನು ಆರಿಸಿ.

ಹೆಜ್ಜೆ 5: ವಾಸನೆಯ ನೀರು ತಯಾರಿ

ಮೀನಿಗೆ ಗೋಲ್ಡ್‌ಫಿಶ್ ಅಥವಾ ಜೀಬ್ರಾ ಡೇನಿಯೋ ಸಾಕು. ಎರಡೂ ಗೆಂಡೆಯ ಬಳಗ, ಪಿತ್ತರಸದಲ್ಲಿ ನಮಗೆ ಬೇಕಾದ ಲವಣ ಇದೆ. ಗಪ್ಪಿ ಸುಲಭವಾಗಿ ಸಿಗುತ್ತದೆ, ಆದರೆ ಆ ಬಳಗದ್ದಲ್ಲ, ಇಲ್ಲಿಗೆ ಬೇಡ.

ಮೀನಿಗೆ ಬೇರೆ ತೊಟ್ಟಿಯಲ್ಲಿ ಊಟ ಹಾಕಿ. ಊಟದಲ್ಲಿ ಒಂದಿಷ್ಟು ಡಾಫ್ನಿಯಾನೂ ಇರಲಿ. ಆಮೇಲೆ ಐದು ಲೀಟರ್ ಶುದ್ಧ ನೀರಿನ ಬಕೆಟ್‌ಗೆ ಒಂದು ಪುಟ್ಟ ಗೋಲ್ಡ್‌ಫಿಶ್, ಅಥವಾ ನಾಲ್ಕೈದು ಡೇನಿಯೋ ಬಿಡಿ. ರಾತ್ರಿಯಿಡೀ ಇರಲಿ. ಬೆಳಿಗ್ಗೆ ಮೀನನ್ನು ತೊಟ್ಟಿಗೆ ಮರಳಿಸಿ, ನೀರನ್ನು ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ. ಕಾಲೇಜು ಲ್ಯಾಬ್‌ನಲ್ಲಿ 0.45 ಮೈಕ್ರಾನ್ ಫಿಲ್ಟರ್ ಇದ್ದರೆ ಇನ್ನೂ ಒಳ್ಳೆಯದು. ಮೀನು ಜಾಸ್ತಿ ಹಾಕಿದರೆ ವಾಸನೆ ಗಟ್ಟಿಯಾಗುತ್ತದೆ ಎಂಬ ಆಸೆ ಬೇಡ, ಅಮೋನಿಯಾ ಏರಿ ಡಾಫ್ನಿಯಾ ಸಾಯುತ್ತದೆ. ನೀರು ಪ್ರತಿ ಸಲ ಹೊಸದೇ ಆಗಬೇಕು. ಬ್ಯಾಕ್ಟೀರಿಯಾ ಈ ಸುಳಿವನ್ನು ತಿಂದು ಹಾಕುತ್ತದೆ, ಹಳಸಿದ ನೀರಲ್ಲಿ ಏನೂ ಉಳಿದಿರುವುದಿಲ್ಲ.

ಎರಡನೇ ಬೇಟೆಗಾರ ಕೀಟ. ಕಾವೊಬೊರಸ್ ಮರಿಹುಳು ಸಿಕ್ಕರೆ ಬಂಗಾರ. ನೆನಪಿಡಿ, ಅದು ಡಾಫ್ನಿಯಾ ಮರಿಗಳನ್ನು ತಿನ್ನುತ್ತಿದ್ದರೆ ಮಾತ್ರ ಸುಳಿವು ಹುಟ್ಟುತ್ತದೆ, ಉಪವಾಸ ಇಟ್ಟರೆ ಇಲ್ಲ. ಸಿಗದಿದ್ದರೆ ಅನಿಸೋಪ್ಸ್ ಹಿಡಿಯಿರಿ. ಕುಂಟೆ, ಹೊಂಡಗಳಲ್ಲಿ ಅಂಗಾತ ಮಲಗಿ ಉದ್ದ ಕಾಲಲ್ಲಿ ಹುಟ್ಟು ಹಾಕುತ್ತಾ ಈಜುವ ತಿಗಣೆ ಇದು. ಬರಿಗೈಲಿ ಹಿಡಿಯಬೇಡಿ, ಚುಚ್ಚಿದರೆ ಚೆನ್ನಾಗಿ ಉರಿಯುತ್ತದೆ. ಆಸ್ಟ್ರೇಲಿಯಾದ ಗ್ರಾಂಟ್ ಮತ್ತು ಬೇಲಿ 1981ರಲ್ಲಿ, ಅನಿಸೋಪ್ಸ್ ಇದ್ದರೆ ಡಾಫ್ನಿಯಾ ಕ್ಯಾರಿನೇಟಾ ಗುಂಪಿನವುಗಳ ತಲೆಯ ಮೇಲೆ ದೊಡ್ಡ ಜುಟ್ಟು ಬೆಳೆಯುತ್ತದೆ ಎಂದು ತೋರಿಸಿದರು. ನಮ್ಮ ಗೋಕಟ್ಟೆಗಳಲ್ಲಿ ಸಿಗುವ ದೊಡ್ಡ ಡಾಫ್ನಿಯಾಗಳಲ್ಲೂ ಈ ಗುಂಪಿನವು ಇರಬಹುದು.

ಲೋಟಗಳ ಇನ್ನೊಂದು ಸಾಲು ಸೇರಿಸಿದರೆ ಪ್ರಯೋಗಕ್ಕೆ ತೂಕ ಬರುತ್ತದೆ. ಮೀನಿನ ನೀರಲ್ಲಿ ಬರೀ ಭಯದ ಸುಳಿವಿರುವುದಿಲ್ಲ. ಅದರ ಗಲೀಜು, ಅದರಿಂದ ಬೆಳೆಯುವ ಬ್ಯಾಕ್ಟೀರಿಯಾ ಎಲ್ಲ ಇರುತ್ತವೆ, ಅವೂ ಡಾಫ್ನಿಯಾಗೆ ಊಟವೇ. ಹಾಗಾಗಿ ಅಕ್ವೇರಿಯಂನ ಪಾಚಿ ತಿನ್ನುವ ಬಸವನಹುಳುಗಳನ್ನು ಇನ್ನೊಂದು ಬಕೆಟ್‌ನಲ್ಲಿ ಅದೇ ಥರ ರಾತ್ರಿಯಿಡೀ ಇಟ್ಟು, ಆ ನೀರನ್ನೂ ಸೋಸಿ ಬಳಸಿ. ಗಲೀಜು ಇದೆ, ಬೇಟೆಗಾರ ಇಲ್ಲ. ಮೀನಿನ ಸಾಲು ಬದಲಾಗಿ, ಬಸವನಹುಳು ಸಾಲು ಬದಲಾಗದಿದ್ದರೆ ನಿಮ್ಮ ವಾದ ಗಟ್ಟಿ.

ಹೆಜ್ಜೆ 6: ಲೋಟ ಜೋಡಿಸುವುದು

ಒಂದೊಂದು ಬಗೆಯ ನೀರಿಗೆ ಹತ್ತು ಲೋಟ. ಒಂದೊಂದು ಲೋಟದಲ್ಲಿ 100 ಮಿಲಿಲೀಟರ್ ನೀರು, ಒಂದೇ ಒಂದು ಮರಿ. ಮರಿಯನ್ನು ಎತ್ತೋಕೆ ಬಾಯಿ ಅಗಲ ಮಾಡಿದ ಡ್ರಾಪರ್ ಬಳಸಿ, ತುದಿಯನ್ನು ನೀರಿನೊಳಗೆ ಮುಳುಗಿಸಿಯೇ ಬಿಡಿ. ಮೇಲಿಂದ ಹನಿಸಿದರೆ ಕವಚದೊಳಗೆ ಗಾಳಿ ಸಿಕ್ಕಿಕೊಂಡು, ಪಾಪ, ತೇಲುತ್ತಾ ಸಾಯುತ್ತವೆ.

ಲೋಟದ ತಳಕ್ಕೆ ಬರೀ ಸಂಖ್ಯೆ ಅಂಟಿಸಿ. ಯಾವ ಸಂಖ್ಯೆ ಯಾವ ನೀರು ಎನ್ನುವ ಚೀಟಿ ಮನೆಯ ಇನ್ನೊಬ್ಬರ ಹತ್ತಿರ ಇರಲಿ, ನೀರು ಹಾಕುವವರು ಅವರೇ ಆಗಲಿ, ಅಳೆಯುವವರು ನೀವು. ಮೀನಿನ ನೀರು ಎಂದು ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ, ಅಲ್ವಾ? ಕಿಟಕಿ ಪಕ್ಕದ ಲೋಟ ಒಳಗಿನದಕ್ಕಿಂತ ಬೆಚ್ಚಗಿರುತ್ತದೆ, ಬೆಚ್ಚಗಿದ್ದರೆ ಬೆಳವಣಿಗೆ ಬೇಗ. ದಿನಾ ಲೋಟಗಳ ಜಾಗ ಅದಲುಬದಲು ಮಾಡಿ. ದಿನ ಬಿಟ್ಟು ದಿನ ಅರ್ಧ ನೀರು ತೆಗೆದು, ಆಯಾ ಬಗೆಯ ಹೊಸ ನೀರು ಹಾಕಿ.

ಹೆಜ್ಜೆ 7: ಅಳೆಯುವುದು, ಬರೆಯುವುದು

ದಿನಾ ಒಂದೇ ಹೊತ್ತಿಗೆ ಟಾರ್ಚ್ ಹಿಡಿದು ನೋಡಿ. ಡಾಫ್ನಿಯಾದ ಬೆನ್ನಿನ ಕಡೆ ಕವಚದೊಳಗೆ ಚೀಲದಂಥ ಖಾಲಿ ಜಾಗವಿದೆ. ಅಲ್ಲಿ ದುಂಡನೆಯ ಮೊಟ್ಟೆಗಳು ಮೊದಲು ಕಂಡ ದಿನವೇ ಪ್ರಾಯಕ್ಕೆ ಬಂದ ದಿನ. 22ರಿಂದ 26 ಡಿಗ್ರಿ ತಾಪದಲ್ಲಿ, ಊಟ ಸರಿಯಾಗಿದ್ದರೆ, ಸುಮಾರು ಒಂದು ವಾರಕ್ಕೆ ಇದು ಕಾಣುತ್ತದೆ. ಅಲ್ಲಿಂದ ಎರಡು ಮೂರು ದಿನಕ್ಕೆ ಮರಿಗಳು ಹೊರಬರುತ್ತವೆ, ತಾಯಿ ಪೊರೆ ಬಿಡುತ್ತದೆ, ಮತ್ತೆ ಹೊಸ ಮೊಟ್ಟೆ. ಮೂರು ಸೂಲು ನೋಡೋಕೆ ಮೂರು ವಾರ ಸಾಕು.

ಮೊಟ್ಟೆ ಕಂಡ ದಿನ ತಾಯಿಯ ಫೋಟೋ ತೆಗೆಯಿರಿ. ಗಾಜಿನ ತಟ್ಟೆಯಲ್ಲಿ ಒಂದೆರಡು ಹನಿ ನೀರು, ಕೆಳಗೆ ಮಿಲಿಮೀಟರ್ ಗ್ರಾಫ್ ಹಾಳೆ, ಫೋನಿಗೆ ಕ್ಲಿಪ್ ಮ್ಯಾಕ್ರೋ ಲೆನ್ಸ್. ಆಮೇಲೆ ಇಮೇಜ್‌ಜೆ ಎಂಬ ಉಚಿತ ತಂತ್ರಾಂಶದಲ್ಲಿ ಅಳೆಯಿರಿ. ತಲೆಯ ತುದಿಯಿಂದ ಬಾಲಮುಳ್ಳಿನ ಬುಡದವರೆಗೆ. ಮುಳ್ಳನ್ನು ಸೇರಿಸಬೇಡಿ. ಮುಳ್ಳು ಬೇರೆ ಕಾರಣಕ್ಕೆ ಉದ್ದ ಆಗಬಹುದು, ಮುರಿದೂ ಇರಬಹುದು. ಜುಟ್ಟು ಬೆಳೆದಿದ್ದರೆ ಕಣ್ಣಿನ ನಡುವಿನಿಂದ ಮುಳ್ಳಿನ ಬುಡದವರೆಗಿನ ಅಳತೆಯನ್ನೂ ಎಲ್ಲ ಲೋಟಗಳಿಗೂ ಬರೆದಿಡಿ. ಇಲ್ಲದಿದ್ದರೆ ಜುಟ್ಟಿನ ಉದ್ದವೇ ಮೈಯ ಉದ್ದ ಎನಿಸಿಬಿಡುತ್ತದೆ.

ಮರಿ ಹುಟ್ಟಿದ ದಿನವೇ ಎಣಿಸಿ, ನಾಲ್ಕೈದು ಮರಿಗಳ ಫೋಟೋ ತೆಗೆದು ಬೇರೆ ಜಾಡಿಗೆ ಹಾಕಿ. ತಡವಾದರೆ ಅವು ಬೆಳೆದುಬಿಡುತ್ತವೆ, ಹುಟ್ಟುಗಾತ್ರ ಸಿಗುವುದಿಲ್ಲ. ತಾಯಿ ಸತ್ತರೆ ಆ ತಾರೀಖನ್ನೂ ಬರೆಯಿರಿ. ಬೆನ್ನಿನಲ್ಲಿ ಮಾಮೂಲಿ ಮೊಟ್ಟೆಯ ಬದಲು ಕಪ್ಪು ಗಟ್ಟಿ ಪೊರೆ ಕಂಡರೆ ದಪ್ಪಕ್ಷರದಲ್ಲಿ ಬರೆಯಿರಿ. ಪೋಲೆಂಡಿನ ಮಿರೊಸ್ಲಾವ್ ಸ್ಲುಸಾರ್ಚಿಕ್ 1995ರಲ್ಲಿ, ಮೀನಿನ ಭಯ ಇದ್ದಾಗ ಡಾಫ್ನಿಯಾ ಈ ಮಲಗುವ ಮೊಟ್ಟೆಗಳತ್ತ ತಿರುಗುತ್ತದೆ ಎಂದು ತೋರಿಸಿದ. ಈ ಕೊಳದಲ್ಲಿ ಸದ್ಯ ಬದುಕೋಕೆ ಆಗಲ್ಲ, ಮಕ್ಕಳು ಮುಂದೆ ಯಾವಾಗಲೋ ಎದ್ದು ನೋಡಲಿ ಎನ್ನುವ ದಾರಿ.

ಹೆಜ್ಜೆ 8: ಬಂದದ್ದನ್ನು ಓದುವುದು

ಬರೀ ಸರಾಸರಿ ಹಾಕಬೇಡಿ. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ವಯಸ್ಸು, ಉದ್ದಕ್ಕೆ ಗಾತ್ರ ಇಟ್ಟು, ಒಂದೊಂದು ಲೋಟಕ್ಕೆ ಒಂದೊಂದು ಚುಕ್ಕಿ ಇಡಿ. ನೀರಿನ ಬಗೆಗೆ ಒಂದೊಂದು ಬಣ್ಣ. ಮೀನಿನ ಚುಕ್ಕಿಗಳು ಎಡಕ್ಕೂ ಕೆಳಕ್ಕೂ ಸರಿದಿದ್ದರೆ ಬೇಗ, ಚಿಕ್ಕದಾಗಿ ಪ್ರಾಯಕ್ಕೆ ಬಂದವು ಎಂದರ್ಥ. ಕಾವೊಬೊರಸ್ ಚುಕ್ಕಿಗಳು ಬಲಕ್ಕೂ ಮೇಲಕ್ಕೂ ಹೋಗಬೇಕು. ಅನಿಸೋಪ್ಸ್ ವಿಷಯದಲ್ಲಿ ತಿಗಣೆಯ ಗಾತ್ರವನ್ನೂ ಬರೆದಿಡಿ. ಮರಿ ತಿಗಣೆಗೆ ಸಣ್ಣ ಡಾಫ್ನಿಯಾ ಮಾತ್ರ ಸಿಗುತ್ತದೆ, ಬೆಳೆದದ್ದು ದೊಡ್ಡದನ್ನೂ ಹಿಡಿಯುತ್ತದೆ. ಅಲ್ಲಿ ವಯಸ್ಸಿಗಿಂತ ಮೊದಲು ಜುಟ್ಟನ್ನು ನೋಡಿ.

ಬೇರೆ ಜೀವಿಗಳಲ್ಲೂ ಇದೇ ತರ್ಕ. ಅಮೆರಿಕದಲ್ಲಿ ಕ್ರೌಲ್ ಮತ್ತು ಕೋವಿಚ್ 1990ರಲ್ಲಿ ಫೈಸೆಲ್ಲಾ ಎಂಬ ಸಿಹಿನೀರಿನ ಬಸವನಹುಳುವನ್ನು ನೋಡಿದರು. ಮಾಮೂಲಾಗಿ ಅದು ಸುಮಾರು 4 ಮಿಲಿಮೀಟರ್ ಆದಾಗ, ಮೂರೂವರೆ ತಿಂಗಳಿಗೆ ಮೊಟ್ಟೆ ಇಡುತ್ತದೆ. ಸಿಗಡಿಯ ಬಳಗದ ಕ್ರೇಫಿಶ್ ಅದನ್ನು ತಿನ್ನುತ್ತಿರುವ ಸುಳಿವು ಸಿಕ್ಕರೆ ಸುಮಾರು 10 ಮಿಲಿಮೀಟರ್ ಆಗುವವರೆಗೆ, ಎಂಟು ತಿಂಗಳು ತಡೆಯುತ್ತದೆ. ಕ್ರೇಫಿಶ್‌ಗೆ ಸಿಗುವುದು ಸಣ್ಣ ಬಸವನಹುಳು. ದೊಡ್ಡದಾದರೆ ಪಾರು.

ಗಪ್ಪಿಯ ಕತೆ ಸ್ವಲ್ಪ ಬೇರೆ. ಸೊಳ್ಳೆ ತಿನ್ನಲಿ ಎಂದು ನಮ್ಮಲ್ಲಿ ನಿಂತ ನೀರಿಗೆ ಬಿಡುವ ಅದೇ ಗಪ್ಪಿ. ಅದರ ತವರಿನ ಟ್ರಿನಿಡಾಡ್‌ನಲ್ಲಿ ಜಾನ್ ಎಂಡ್ಲರ್ 1976ರಲ್ಲಿ, ದೊಡ್ಡ ಗಪ್ಪಿಗಳನ್ನು ತಿನ್ನುವ ಮೀನಿದ್ದ ಹೊಳೆಯಿಂದ ಗಪ್ಪಿಗಳನ್ನು ತಂದು, ಅಂಥ ಮೀನಿಲ್ಲದ ಕಡೆ ಬಿಟ್ಟ. 11 ವರ್ಷದಲ್ಲಿ, ಅಂದರೆ 30ರಿಂದ 60 ತಲೆಮಾರಿನಲ್ಲಿ, ಅವು ತಡವಾಗಿ ದೊಡ್ಡದಾಗಿ ಪ್ರಾಯಕ್ಕೆ ಬರೋಕೆ ಶುರುವಾದವು, ಕಡಿಮೆ ಆದರೆ ದೊಡ್ಡ ಮರಿ ಹಾಕಿದವು. ಡೇವಿಡ್ ರೆಜ್ನಿಕ್ ಜೊತೆಗೂಡಿ 1990ರಲ್ಲಿ ಇದನ್ನು ಪ್ರಕಟಿಸಿದರು. ಅಲ್ಲಿ ಬದಲಾದದ್ದು ವಂಶವೇ. ನಿಮ್ಮ ಲೋಟದಲ್ಲಿ ಬದಲಾಗುವುದು ಒಂದೇ ವಂಶದ ನಡವಳಿಕೆ. ವರದಿ ಬರೆಯುವಾಗ ಈ ಎರಡನ್ನು ಕಲಸಬೇಡಿ. ಮೂರು ವಾರದಲ್ಲಿ ವಿಕಾಸ ನೋಡಿದೆ ಎಂದು ಬರೆದರೆ ಯಾರೂ ಒಪ್ಪುವುದಿಲ್ಲ.

ಇದನ್ನೆಲ್ಲ ನಮ್ಮ ಕೆರೆಗಳಿಗೆ ಹೊಂದಿಸಿ ನೋಡಿ. 1965ರಲ್ಲಿ ಜಾನ್ ಬ್ರೂಕ್ಸ್ ಮತ್ತು ಸ್ಟಾನ್ಲಿ ಡಾಡ್ಸನ್ ಅಮೆರಿಕದ ಕನೆಕ್ಟಿಕಟ್‌ನ ಕೆರೆಯೊಂದರ 1942ರ ಮತ್ತು 1964ರ ಮಾದರಿಗಳನ್ನು ಹೋಲಿಸಿದರು. ನಡುವೆ ಏಲ್‌ವೈಫ್ ಎಂಬ ಮೀನು ಸೇರಿಕೊಂಡಿತ್ತು. ದೊಡ್ಡ ಡಾಫ್ನಿಯಾಗಳು ಮಾಯ, ಚಿಕ್ಕ ಜಾತಿಗಳು ಮಾತ್ರ ಉಳಿದಿದ್ದವು. ಕಾಟ್ಲಾ, ತಿಲಾಪಿಯಾ, ಗಾಂಬೂಸಿಯಾ ತುಂಬಿದ ಬೆಂಗಳೂರಿನ ಕೆರೆಯಲ್ಲಿ ಬಲೆ ಎಳೆದರೆ ದೊಡ್ಡ ಡಾಫ್ನಿಯಾ ಸಿಗುವ ಆಸೆ ಕಡಿಮೆ. ಪಾಚಿಯನ್ನು ಚೆನ್ನಾಗಿ ಮೇಯುವವು ಅವೇ. ಕೆರೆ ಹಸಿರಾಗೋಕೆ ಮುಖ್ಯ ಕಾರಣ ಒಳಚರಂಡಿಯ ಸಾರ, ಸರಿ. ಆದರೆ ಮೇಯುವವರನ್ನೂ ತಿಂದು ಹಾಕಿದ ಮೇಲೆ ಪಾಚಿಗೆ ತಡೆ ಇನ್ನೆಲ್ಲಿ?

ವ್ಯತ್ಯಾಸವೇ ಬರದಿದ್ದರೆ

ಮೊದಲು ಮಾಮೂಲಿ ಕಾರಣಗಳನ್ನು ನೋಡಿ. ಮೀನಿನ ನೀರು ಹಳಸಿತ್ತೇ? ಊಟ ತೀರಾ ಕಡಿಮೆಯಾಗಿ ಎಲ್ಲವೂ ಕುಂಟುತ್ತಿದ್ದವೇ? ತಾಯಂದಿರು ಮೀನಿನ ತೊಟ್ಟಿಯಿಂದ ನೇರ ಬಂದವರೇ? ಇವೆಲ್ಲ ಸರಿಯಿದ್ದೂ ಬದಲಾವಣೆ ಕಾಣದಿದ್ದರೆ ನಿರಾಸೆ ಬೇಡ. ಬಹುಶಃ ನಿಮ್ಮ ಕೈಲಿರುವುದು ಮೀನು ಕಾಣದ ವಂಶ.

ಗೋಕಟ್ಟೆ ವರ್ಷಾ ವರ್ಷಾ ಬತ್ತುತ್ತದೆ, ಅಲ್ಲಿ ಮೀನು ನಿಲ್ಲುವುದಿಲ್ಲ. ಅಲ್ಲಿನ ಡಾಫ್ನಿಯಾಗೆ ಮೀನಿನ ವಾಸನೆಗೆ ಹೆದರುವ ಅಗತ್ಯ ಬಂದಿರಲಿಕ್ಕಿಲ್ಲ. ಬೆಲ್ಜಿಯಂನ ಲುಕ್ ದ ಮೀಸ್ಟರ್ ಮತ್ತು ಸಂಗಡಿಗರು ಇದನ್ನು ಚೆನ್ನಾಗಿ ತೋರಿಸಿದ್ದಾರೆ. ಮೀನು ಸಾಕುತ್ತಿದ್ದ ಒಂದು ಕೊಳದ ತಳದ ಕೆಸರಿನಿಂದ ಬೇರೆ ಬೇರೆ ಕಾಲದ ಮೊಟ್ಟೆಗಳನ್ನು ತೆಗೆದು ಮರಿ ಮಾಡಿಸಿದರು. ಮೀನು ಕಡಿಮೆ ಇದ್ದ ಕಾಲದವು, ಜಾಸ್ತಿ ಇದ್ದ ಕಾಲದವು. ಮೀನಿನ ವಾಸನೆ ಸಿಕ್ಕಾಗ ಬೆಳಕಿನಿಂದ ದೂರ ಸರಿಯುವ ಗುಣ, ಕೊಳದಲ್ಲಿ ಮೀನು ಎಷ್ಟಿತ್ತು ಎನ್ನುವುದಕ್ಕೆ ತಕ್ಕಂತೆ ಬದಲಾಗಿತ್ತು. 2001ರಲ್ಲಿ ಪ್ರಕಟವಾದ ಕೆಲಸ ಇದು.

ಹಾಗಾಗಿ ಎರಡನೇ ಸುತ್ತಿಗೆ ನನ್ನ ಸಲಹೆ ಹೀಗಿದೆ. ಬತ್ತುವ ಗೋಕಟ್ಟೆಯಿಂದ ಒಂದು ವಂಶ, ಮೀನಿರುವ ಕೆರೆಯ ಅಂಚಿನ ಕೆಸರಿನಿಂದ ಇನ್ನೊಂದು ವಂಶ ಬೆಳೆಸಿ. ಎರಡೂ ಒಂದೇ ಜಾತಿ ಇರಬೇಕು, ಇದನ್ನು ಪ್ರಾಣಿಶಾಸ್ತ್ರದ ಉಪನ್ಯಾಸಕರಿಗೆ ತೋರಿಸಿ ಖಾತ್ರಿ ಮಾಡಿಕೊಳ್ಳಿ. ಸಾಧ್ಯವಾದರೆ ಒಂದೊಂದು ಕಡೆಯಿಂದ ಮೂರ್ನಾಲ್ಕು ವಂಶ ಇರಲಿ, ಒಂದೇ ವಂಶ ಇಡೀ ಕೆರೆಯ ಪರವಾಗಿ ಮಾತಾಡುವುದಿಲ್ಲ. ಬೇರೆ ಬೇರೆ ವಂಶದ ತಾಯಂದಿರ ಜಾಡಿಗಳಿಗೆ ಬೇರೆ ಬೇರೆ ಡ್ರಾಪರ್ ಇಡಿ, ಒಂದು ಮರಿ ಆಚೀಚೆ ಆದರೂ ಎಲ್ಲ ಕೆಟ್ಟಿತು.

ಮುಗಿದ ಮೇಲೆ ಗೋಲ್ಡ್‌ಫಿಶ್ ಅನ್ನು ಕೆರೆಗೆ ಬಿಡಬೇಡಿ, ಹವ್ಯಾಸಿಗಳಿಗೆ ಕೊಡಿ. ಡಾಫ್ನಿಯಾ ನೀರನ್ನೂ ಕೆರೆಗಾಗಲಿ ಚರಂಡಿಗಾಗಲಿ ಸುರಿಯಬೇಡಿ, ಉಳಿದವನ್ನು ಮೀನಿಗೆ ಹಾಕಿ, ಲೋಟ ಜಾಡಿಗಳನ್ನು ಬಿಸಿನೀರಲ್ಲಿ ತೊಳೆಯಿರಿ. ಗೋಕಟ್ಟೆ ಮಣ್ಣು ತರೋಕೆ ಸರಿಯಾದ ಕಾಲ ಮಾರ್ಚ್‌ನಿಂದ ಏಪ್ರಿಲ್ ಮೊದಲ ವಾರಗಳು, ಮುಂಗಾರು ಪೂರ್ವ ಮಳೆ ಬೀಳುವ ಮುಂಚೆ. ಮಳೆ ಬಿದ್ದ ಮೇಲೆ ಹೋದರೆ ಎಷ್ಟೋ ಮೊಟ್ಟೆಗಳು ಒಡೆದು ಹೋಗಿರುತ್ತವೆ. ತಂದ ಮಣ್ಣನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಊರು ತಾರೀಖು ಬರೆದು, ಒಣಗಿದ ಜಾಗದಲ್ಲಿಡಿ. ಜೂನ್‌ನಲ್ಲಿ ಹವೆ ತಂಪಾದ ಮೇಲೆ ನೀರು ಹಾಕಿ.